ಲೀಸ್ಡ್ ಲೈನ್ ಅಂದ್ರೆ ಏನು?

ಜಮಖಂಡಿ ಕಡೆಯ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಕಂಪ್ಯೂಟರ್ ಕೆಲಸವೆಲ್ಲ ನಾನೇ ನೋಡಿಕೊಳ್ಳುತ್ತೇನೆ. ಮಾರ್ಚ್ ಕೊನೆಯ ವಾರ, ಲೆಕ್ಕ ಮುಗಿಸುವ ಗಡಿಬಿಡಿ. ಬೆಳಿಗ್ಗೆ 11ಕ್ಕೆ ನೆಟ್ ಹೋದದ್ದು ಮರುದಿನದವರೆಗೂ ಬರಲಿಲ್ಲ. ಒಬ್ಬ ಅಜ್ಜ ಪಾಸ್‌ಬುಕ್ ಹಿಡಿದು ಕೌಂಟರ್ ಎದುರಿನ ಬೆಂಚಿನ ಮೇಲೆ ಎರಡು ತಾಸು ಕೂತು ಎದ್ದು ಹೋದರು. ನನಗೆ ಬಹಳ ಕೆಟ್ಟದೆನಿಸಿತು. ಸಂಜೆ ಅಧ್ಯಕ್ಷರು ಕರೆದು, "ಲೀಸ್ಡ್ ಲೈನ್ ಹಾಕಿಸಿದ್ರ ಹಿಂಗ ಆಗಂಗಿಲ್ಲಂತಲ್ಲ, ಅದೇನ್ರೀ ಅದು?" ಅಂತ ಕೇಳಿದರು.

ಲೀಸ್ ಅಂದರೆ ನಮ್ಮ ಕಡೆ ಹೊಲ ಲಾವಣಿಗೆ ಹಿಡೀತೀವಲ್ಲ, ಅದೇ. ಇಂಟರ್ನೆಟ್ ಕಂಪನಿಯ ಲೈನಿನಲ್ಲಿ ಇಷ್ಟು ಜಾಗ ನಮಗೊಬ್ಬರಿಗೇ ಅಂತ ಗೊತ್ತು ಮಾಡಿ, ತಿಂಗಳಿಗೋ ವರ್ಷಕ್ಕೋ ಹಣ ಕಟ್ಟಿ ಹಿಡಿದುಕೊಳ್ಳುವುದು.

ಅಧ್ಯಕ್ಷರು ಕಬ್ಬು ಬೆಳೆಯುವವರು, ಅವರಿಗೆ ನೀರಿನ ಲೆಕ್ಕದಲ್ಲೇ ಹೇಳಿದೆ. ಕಾಲುವೆ ನೀರು ಎಲ್ಲರದು. ಮೇಲಿನ ಹೊಲದವರು ಜಾಸ್ತಿ ತಿರುಗಿಸಿಕೊಂಡರೆ ಕೊನೆಯ ಹೊಲಕ್ಕೆ ಬರೋದು ಸಣ್ಣ ಧಾರೆ. ಅದೇ ಕೃಷ್ಣಾ ಹೊಳೆಯಿಂದ ಸ್ವಂತ ಪೈಪ್‌ಲೈನ್ ಹಾಕಿಸಿಕೊಂಡವರು ಮೋಟರ್ ಚಾಲೂ ಮಾಡಿದರೆ ಸಾಕು. ಮನೆಮನೆಗೆ ಬರುವ ಫೈಬರ್ ಬ್ರಾಡ್‌ಬ್ಯಾಂಡ್ ಆ ಕಾಲುವೆ ಇದ್ದ ಹಾಗೆ. ಹೆಚ್ಚಾಗಿ ಬಳಕೆಯಲ್ಲಿರುವ ಜಿಪಾನ್ ತಂತ್ರದಲ್ಲಿ ಒಂದು ಎಳೆಯಲ್ಲಿ ಸುಮಾರು 2.5 ಜಿಬಿಪಿಎಸ್, ಅಂದರೆ 2,500 ಎಂಬಿಪಿಎಸ್ ವೇಗ ಬರುತ್ತದೆ, ಅದನ್ನು ಸ್ಪ್ಲಿಟರ್ ಅನ್ನೋ ಚಿಕ್ಕ ಡಬ್ಬಿಯಲ್ಲಿ ಸೀಳಿ 32 ಇಲ್ಲವೇ 64 ಕಡೆ ಹಂಚುತ್ತಾರೆ. ಅದಕ್ಕೇ ಜಾಹೀರಾತಿನಲ್ಲಿ "100 ಎಂಬಿಪಿಎಸ್‌ವರೆಗೆ" ಅಂತ ಇರುತ್ತದೆ. ಆ 'ವರೆಗೆ'ಯನ್ನು ದಯವಿಟ್ಟು ಗಮನಿಸಿ.

ಲೀಸ್ಡ್ ಲೈನಿನಲ್ಲಿ ಆ 'ವರೆಗೆ' ಇಲ್ಲ. 20 ಎಂಬಿಪಿಎಸ್ ಅಂದರೆ ರಾತ್ರಿ ಎಂಟಕ್ಕೆ ಊರೆಲ್ಲ ಕ್ರಿಕೆಟ್ ನೋಡುತ್ತಿದ್ದರೂ 20. ಡೌನ್‌ಲೋಡ್ ಎಷ್ಟೋ ಅಪ್‌ಲೋಡೂ ಅಷ್ಟೇ, ಇದು ಸಂಸ್ಥೆಗಳಿಗೆ ದೊಡ್ಡ ಮಾತು, ಯಾಕಂದ್ರೆ ಶಾಖೆಗಳ ಲೆಕ್ಕ, ದಿನದ ಬ್ಯಾಕಪ್, ವಿಡಿಯೋ ಮೀಟಿಂಗ್‌ನಲ್ಲಿ ನಮ್ಮ ಮುಖ, ಇವೆಲ್ಲ ಇಲ್ಲಿಂದ ಹೊರಗೆ ಹೋಗಬೇಕಾದವು. ಬದಲಾಗದ ಐಪಿ ವಿಳಾಸವೂ (ನೆಟ್‌ನಲ್ಲಿ ನಮ್ಮ ಲೈನಿನ ಗುರುತಿನ ಸಂಖ್ಯೆ) ಸಾಮಾನ್ಯವಾಗಿ ಜೊತೆಗೇ ಸಿಗುತ್ತದೆ. ಬೆಲೆ ಮಾತ್ರ ಬ್ರಾಡ್‌ಬ್ಯಾಂಡಿನ ಎಷ್ಟೋ ಪಟ್ಟು, ಮೇಲೆ 18% ಜಿಎಸ್‌ಟಿ.

ಲೀಸ್ಡ್ ಲೈನ್ ಕಡಿಯುವುದೇ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಜೆಸಿಬಿ ಹಲ್ಲಿಗೆ ಎಲ್ಲ ಕೇಬಲ್ಲೂ ಒಂದೇ. ವ್ಯತ್ಯಾಸ ಇರೋದು ಎಸ್‌ಎಲ್‌ಎ ಅನ್ನೋ ಕರಾರಿನಲ್ಲಿ. ಲೈನ್ ಚಾಲೂ ಇರುವ ಸಮಯ 99.5% ಅಂತ ಅದರಲ್ಲಿ ಬರೆದಿದ್ದರೆ ಚೆನ್ನಾಗಿ ಕಾಣುತ್ತದೆ, ಅಲ್ವಾ? ಲೆಕ್ಕ ಹಾಕಿ: 30 ದಿನದ ತಿಂಗಳಿಗೆ 720 ತಾಸು, ಅದರಲ್ಲಿ 3 ತಾಸು 36 ನಿಮಿಷ ಲೈನ್ ಇಲ್ಲದಿದ್ದರೂ ಕರಾರು ಮುರಿದಂತಲ್ಲ. 99.9% ಆದರೆ ಸುಮಾರು 43 ನಿಮಿಷ. ಮೀರಿದರೆ ಬಿಲ್ಲಿನಲ್ಲಿ ಎಷ್ಟು ಕಡಿತ, ಎಷ್ಟು ತಾಸಿನೊಳಗೆ ರಿಪೇರಿ, ಇದನ್ನು ಸಹಿ ಹಾಕುವ ಮೊದಲೇ ಬರೆಸಿಕೊಳ್ಳಿ.

ಅರ್ಜಿ ಕೊಟ್ಟರೆ ಮೊದಲು ಫೀಸಿಬಿಲಿಟಿ ನೋಡುತ್ತಾರೆ, ಅಂದರೆ ಅವರ ಫೈಬರ್ ನಮ್ಮ ಬಾಗಿಲಿಂದ ಎಷ್ಟು ದೂರ ಇದೆ ಅಂತ. ಆ ಕೊನೆಯ ತುಂಡಿಗೆ ಲಾಸ್ಟ್ ಮೈಲ್ ಅನ್ನುತ್ತಾರೆ. ತಡವಾಗುವುದು ಹೆಚ್ಚಾಗಿ ಇಲ್ಲೇ, ರಸ್ತೆ ಅಗೆಯಲು ಪುರಸಭೆಯದೋ ಪಿಡಬ್ಲ್ಯುಡಿಯದೋ ಅನುಮತಿ ಬೇಕು. ಫೈಬರ್ ಮುಟ್ಟದ ಕಡೆ ಟವರಿನಿಂದ ರೇಡಿಯೋ ಮೂಲಕ ಕೊಡುತ್ತಾರೆ. ಆಗ ಮಧ್ಯೆ ಮರ, ಕಟ್ಟಡ ಅಡ್ಡ ಇರಬಾರದು.

ನಮ್ಮ ಲೈನ್ ಜೋಡಿಸಿದ ದಿನ ನಾನು ಪಕ್ಕದಲ್ಲೇ ಕೂತಿದ್ದೆ. ಕಂಪನಿಯ ಹುಡುಗ ಕೇಬಲ್ಲಿನ ಹೊದಿಕೆ ಸುಲಿದು, ಸ್ಪಿರಿಟ್ಟಿನಲ್ಲಿ ಒರೆಸಿ, ತುದಿಯನ್ನು ನೇರವಾಗಿ ಕತ್ತರಿಸಿದ. ಕೂದಲಿನಷ್ಟೇ ದಪ್ಪದ ಗಾಜಿನ ಎಳೆ. ಎಳೆ ಬೆಸೆಯುವ ಮಷೀನಿನ ಪುಟ್ಟ ಪರದೆಯಲ್ಲಿ ಎರಡು ತುದಿ ಹತ್ತಿರ ಬಂದವು, ಒಂದು ಕಿಡಿ, ಎರಡೂ ಒಂದಾದವು. ಅದರ ಮೇಲೆ ಸಣ್ಣ ಕೊಳವೆ ಏರಿಸಿ ಬಿಸಿ ಮಾಡಿದ. ಹತ್ತು ನಿಮಿಷವೂ ಹಿಡಿಯಲಿಲ್ಲ. ಆಮೇಲೆ ನಮ್ಮ ರೂಟರ್ ಬಿಟ್ಟು ಲ್ಯಾಪ್‌ಟಾಪನ್ನು ನೇರ ಅವರ ಡಬ್ಬಿಗೇ ಚುಚ್ಚಿ ಎರಡೂ ಕಡೆಯ ವೇಗ ನೋಡಿದೆವು. ನೀವೂ ಹಾಗೇ ನೋಡಿ ಆಮೇಲೆ ಸಹಿ ಮಾಡಿ.

ಎಲ್ಲರಿಗೂ ಇದು ಬೇಕಿಲ್ಲ. ಐದಾರು ಜನರ ಆಫೀಸಿಗೆ ಬೇರೆ ಬೇರೆ ಕಂಪನಿಯ ಎರಡು ಬ್ರಾಡ್‌ಬ್ಯಾಂಡ್ ಇದ್ದರೆ ಧಾರಾಳವಾಯಿತು. ನಾವೂ ಮುಖ್ಯ ಕಚೇರಿಗೆ ಮಾತ್ರ ಲೀಸ್ಡ್ ಲೈನ್ ತಗೊಂಡು, ಅದು ಕಡಿದಾಗ ಇರಲಿ ಅಂತ ಒಂದು ಬ್ರಾಡ್‌ಬ್ಯಾಂಡ್ ನೋಡಿದೆವು. ಕಂಪನಿ ಬೇರೆಯೇ ಇತ್ತು. ಆದರೆ ಹೊರಗೆ ನಿಂತು ತಲೆ ಎತ್ತಿ ನೋಡಿದರೆ ಎರಡೂ ಕೇಬಲ್ ಒಂದೇ ಕಂಬದ ಮೇಲೆ ಬರುವುದಿತ್ತು. ಅದನ್ನು ಬಿಟ್ಟು ಹಿಂದಿನ ಓಣಿಯಿಂದ ಬರುವ ಇನ್ನೊಬ್ಬರದನ್ನು ಹಾಕಿಸಿಕೊಂಡೆವು.