ದಾಸ್ತಾನಿದೆ ಎನ್ನುತ್ತಾರೆ, ಆಸ್ಪತ್ರೆಯಲ್ಲಿ ಇರುವುದಿಲ್ಲ: ಹಾವಿನ ವಿಷದ ಮದ್ದಿನ ಕೊರತೆ ಬೆಳೆದುಬಂದ ಬಗೆ

ಮಳೆ ಹಿಡಿದು ಗದ್ದೆ ಕೆಲಸ ಜೋರಾಯಿತೆಂದರೆ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಇಂಥ ಸುದ್ದಿ ಕಾಣಿಸಿಕೊಳ್ಳುತ್ತದೆ. ಹಾವು ಕಚ್ಚಿದವರನ್ನು ಹತ್ತಿರದ ಆಸ್ಪತ್ರೆಗೆ ಒಯ್ದರು, ಅಲ್ಲಿ ಮದ್ದಿರಲಿಲ್ಲ, ಮುಂದಿನ ಊರಿಗೆ ಕಳಿಸಿದರು, ದಾರಿಯಲ್ಲೇ ಜೀವ ಹೋಯಿತು. ಆಮೇಲೆ ಸ್ಪಷ್ಟನೆ ಬರುತ್ತದೆ: ಜಿಲ್ಲೆಯಲ್ಲಿ ಸಾಕಷ್ಟು ದಾಸ್ತಾನಿದೆ. ಓದುವವರಿಗೆ ಇವೆರಡರಲ್ಲಿ ಒಂದು ಸುಳ್ಳು ಅನ್ನಿಸುತ್ತದೆ. ಎಷ್ಟೋ ಸಲ ಎರಡೂ ನಿಜವೇ ಆಗಿರುತ್ತವೆ. ಅದು ಹೇಗೆ ಸಾಧ್ಯ ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಈ ಮದ್ದಿಗೆ ಆಸ್ಪತ್ರೆಯವರು ಎಎಸ್‌ವಿ, ಅಂದರೆ ಆಂಟಿ ಸ್ನೇಕ್ ವೆನಮ್, ಅನ್ನುತ್ತಾರೆ. 1890ರ ದಶಕದಲ್ಲಿ ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ ನಾಗರಹಾವಿನ ವಿಷವನ್ನು ಪ್ರಾಣಿಗಳಿಗೆ ಚೂರುಚೂರೇ ಕೊಟ್ಟು, ಅವುಗಳ ರಕ್ತದಿಂದ ಮದ್ದು ತೆಗೆದರು. ಅದು ಭಾರತಕ್ಕೂ ಬಂತು. ಆದರೆ ನಾಗರಹಾವಿನ ಮದ್ದು ಕೊಳಕುಮಂಡಲದ ವಿಷಕ್ಕೆ ಕೆಲಸ ಮಾಡುವುದಿಲ್ಲ ಎಂದು ಮುಂಬಯಿಯಲ್ಲಿ ಜಾರ್ಜ್ ಲ್ಯಾಂಬ್ 1900ರ ದಶಕದ ಆರಂಭದಲ್ಲೇ ತೋರಿಸಿದರು. ಮುಂದೆ ಕಸೌಲಿ, ಮುಂಬಯಿಯ ಹಾಫ್ಕಿನ್ ಸಂಸ್ಥೆಗಳಲ್ಲಿ ತಯಾರಿಕೆ ನಡೆಯಿತು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೂ ಸೇರಿ ಒಂದೇ ಮದ್ದು ಎಂಬ ಪದ್ಧತಿ ಗಟ್ಟಿಯಾಯಿತು. ಇವತ್ತಿಗೂ ನಮ್ಮಲ್ಲಿ ಸಿಗುವುದು ಅದೇ.

ನಿಜವಾದ ಸಿಕ್ಕು ಶುರುವಾಗುವುದು 1970ರ ದಶಕದಿಂದ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಹಾವಿನ ಚರ್ಮದ ವ್ಯಾಪಾರ ನಿಂತಿತು. ತಮಿಳುನಾಡಿನ ಇರುಳ ಜನ ಹಾವು ಹಿಡಿಯುವುದನ್ನೇ ನಂಬಿದ್ದವರು, ಅವರ ಹೊಟ್ಟೆಪಾಡು ಹೋಯಿತು. 1978ರಲ್ಲಿ ಹಾವು ತಜ್ಞ ರಾಮುಲಸ್ ವಿಟೇಕರ್ ಅವರ ಒತ್ತಾಸೆಯಿಂದ ಇರುಳರ ಸಹಕಾರ ಸಂಘ ಹುಟ್ಟಿತು. ಮಹಾಬಲಿಪುರದ ಹತ್ತಿರ ವಿಷ ತೆಗೆಯುವ ಕೇಂದ್ರ ನಡೆಯಿತು. ಹಾವನ್ನು ಹಿಡಿದು ತಂದು ಮಣ್ಣಿನ ಮಡಕೆಯಲ್ಲಿ ಇಡುತ್ತಾರೆ. ಮೂರ್ನಾಲ್ಕು ವಾರ ಇಟ್ಟುಕೊಂಡು ಕೆಲವು ಸಲ ವಿಷ ತೆಗೆಯುತ್ತಾರೆ. ಹೊಟ್ಟೆಯ ಹುರುಪೆಯಲ್ಲಿ ಗುರುತು ಮಾಡಿ ಮತ್ತೆ ಕಾಡಿಗೆ ಬಿಡುತ್ತಾರೆ. ಹಾವಿಗೂ ತೊಂದರೆಯಿಲ್ಲ, ಜನರಿಗೂ ಕೆಲಸ. ದೇಶದ ಮದ್ದಿನ ಕಂಪನಿಗಳಿಗೆ ಬೇಕಾದ ವಿಷದ ಬಹುಪಾಲು ಈ ಒಂದು ಸಂಘದಿಂದಲೇ ಹೋಗುತ್ತಿತ್ತು. ಇದು ಬಹಳ ಒಳ್ಳೆಯ ಕೆಲಸ. ಅಷ್ಟು ದೊಡ್ಡ ದೇಶ ಅಷ್ಟು ಚಿಕ್ಕ ಸಂಘದ ಮೇಲೆ ದಶಕಗಟ್ಟಲೆ ಭಾರ ಹಾಕಿ ಕೂತಿದ್ದು ಮಾತ್ರ ಒಳ್ಳೆಯದಲ್ಲ.

ಏಕೆಂದರೆ ಹಾವು ಹಿಡಿಯಲು ಅರಣ್ಯ ಇಲಾಖೆಯ ಪರವಾನಗಿ ಬೇಕು. ಎಷ್ಟು ಹಾವು ಅಂತ ಮಿತಿಯೂ ಇರುತ್ತದೆ. ಪರವಾನಗಿ ತಡವಾದರೆ ವಿಷ ತಡ, ವಿಷ ತಡವಾದರೆ ಮದ್ದು ತೆಗೆಯಲು ಸಾಕಿದ ಕುದುರೆಗೆ ಕೊಡುವುದು ತಡ. ಗರಗಸ ಮಂಡಲದಿಂದ ಒಂದು ಸಲಕ್ಕೆ ಸಿಗುವ ಒಣ ವಿಷ ಕೆಲವೇ ಮಿಲಿಗ್ರಾಂ. ಅದನ್ನು ಕುದುರೆಗೆ ಅತಿ ಕಡಿಮೆ ಪ್ರಮಾಣದಿಂದ ಶುರುಮಾಡಿ ತಿಂಗಳುಗಟ್ಟಲೆ ಏರಿಸುತ್ತ ಹೋಗಬೇಕು. ಕುದುರೆಯ ರಕ್ತ ತೆಗೆದು, ಪ್ಲಾಸ್ಮಾ ಬೇರೆ ಮಾಡಿ, ಅದರಲ್ಲಿನ ವಿಷ ತಡೆಯುವ ಪ್ರತಿಕಾಯಗಳನ್ನು ಶುದ್ಧ ಮಾಡಿ, ಪರೀಕ್ಷೆ ಮುಗಿಸಿ ವಯಲ್ ಎಂಬ ಚಿಕ್ಕ ಸೀಸೆಗೆ ತುಂಬಬೇಕು. ಜೂನ್‌ನಲ್ಲಿ ಕೊರತೆ ಕಂಡಿತು, ಜುಲೈಗೆ ಜಾಸ್ತಿ ಮಾಡಿಕೊಡಿ ಅಂದರೆ ಆಗುವ ಕೆಲಸ ಇದಲ್ಲ.

ಇದಕ್ಕೆ ಬೆಲೆಯ ಲೆಕ್ಕ ಸೇರಿತು. ಎಎಸ್‌ವಿ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ, ಗರಿಷ್ಠ ಬೆಲೆಯನ್ನು ಸರ್ಕಾರ ಗೊತ್ತುಮಾಡುತ್ತದೆ. ಬಡವರಿಗೆ ಆ ಮಿತಿ ಬೇಕೇ ಬೇಕು. ಆದರೆ ಕುದುರೆ ಸಾಕುವ ಖರ್ಚು ದೊಡ್ಡದು, ಕೊಳ್ಳುವವರು ಹೆಚ್ಚಾಗಿ ಸರ್ಕಾರಗಳೇ, ಟೆಂಡರಿನಲ್ಲಿ ಕಡಿಮೆ ದರ ಹೇಳಿದವರಿಗೇ ಕೆಲಸ. ಸರ್ಕಾರಿ ಘಟಕಗಳ ಪಾಲು ಕುಗ್ಗುತ್ತ ಬಂತು. ಈಗ ಬಹುಪಾಲು ಕೆಲವೇ ಖಾಸಗಿ ಕಂಪನಿಗಳ ಕೈಯಲ್ಲಿದೆ. ಇದೇ ಲೆಕ್ಕ ಆಫ್ರಿಕಾದಲ್ಲಿ ಏನು ಮಾಡಿತು ಅಂತ ಜಗತ್ತು ನೋಡಿದೆ. ಅಲ್ಲಿ ಹಲವು ಹಾವುಗಳ ವಿಷಕ್ಕೆ ಬಳಸುತ್ತಿದ್ದ ಫಾವ್-ಆಫ್ರಿಕ್ ಎಂಬ ಮದ್ದಿನ ತಯಾರಿಕೆ 2014ರಲ್ಲಿ ನಿಂತಿತು. ಕೊನೆಯ ದಾಸ್ತಾನಿನ ಅವಧಿ 2016ರಲ್ಲಿ ಮುಗಿಯಿತು. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಾವು ಕಡಿತವನ್ನು ಕಡೆಗಣಿಸಲ್ಪಟ್ಟ ಉಷ್ಣವಲಯದ ಕಾಯಿಲೆಗಳ ಪಟ್ಟಿಗೆ ಸೇರಿಸಿತು.

ಭಾರತದಲ್ಲಿ ಮದ್ದು ನಿಂತಿಲ್ಲ. ಇಲ್ಲಿಯ ಕೊರತೆ ಬೇರೆ ಥರದ್ದು. 2020ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ 2000ದಿಂದ 2019ರವರೆಗೆ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ. ವರ್ಷಕ್ಕೆ ಸರಾಸರಿ 58,000. ಸರ್ಕಾರಿ ಕಡತಗಳಲ್ಲಿ ಇದರ ಒಂದು ಸಣ್ಣ ಪಾಲು ಮಾತ್ರ ಇತ್ತು. ಕಡತದಲ್ಲಿ ಇಲ್ಲದ ಸಾವಿಗೆ ಯಾರೂ ಮದ್ದು ಕೊಳ್ಳುವುದಿಲ್ಲ, ಅಲ್ವಾ? ಎಷ್ಟೋ ಸಾವುಗಳು ಮನೆಯಲ್ಲೋ ದಾರಿಯಲ್ಲೋ ನಾಟಿ ವೈದ್ಯರ ಅಂಗಳದಲ್ಲೋ ಆಗಿಹೋದವು.

ಪ್ರಾಥಮಿಕ ಆರೋಗ್ಯ ಕೇಂದ್ರದ ಕಡೆಯಿಂದ ನೋಡೋಣ. ಮದ್ದು ಬರುವುದು ಇಂಡೆಂಟ್, ಅಂದರೆ ಬೇಡಿಕೆ ಪಟ್ಟಿ, ಹಾಕಿದ ಮೇಲೆ. ಇಂಡೆಂಟ್ ಹಾಕುವಾಗ ಹೋದ ವರ್ಷ ಎಷ್ಟು ಖರ್ಚಾಯಿತು ಅಂತ ನೋಡುತ್ತಾರೆ. ಅಲ್ಲಿ ರಾತ್ರಿ ಒಬ್ಬರೇ ಡಾಕ್ಟರ್ ಇರಬಹುದು, ಅಥವಾ ಒಬ್ಬರೇ ನರ್ಸ್. ಎಎಸ್‌ವಿ ಕುದುರೆಯಿಂದ ಬಂದದ್ದು, ಕೆಲವರ ಮೈಗೆ ಒಗ್ಗುವುದಿಲ್ಲ. ಬಿಪಿ ಇಳಿಯಬಹುದು, ಉಸಿರು ಕಟ್ಟಬಹುದು. ಆಗ ಅದನ್ನು ತಡೆಯಲು ಕೂಡಲೇ ಅಡ್ರಿನಲಿನ್ ಎಂಬ ಚುಚ್ಚುಮದ್ದು ಕೊಡಬೇಕು. ಏನಾದರೂ ಆದರೆ ಹೊರಗೆ ನಿಂತ ಜನ ಸುಮ್ನೆ ಬಿಡುತ್ತಾರಾ? ಹಾಗಾಗಿ ಮದ್ದಿದ್ದರೂ ರೆಫರ್ ಮಾಡುತ್ತಾರೆ. ವಯಲ್‌ಗಳು ಹಾಗೇ ಉಳಿದು ಅವಧಿ ಮುಗಿಯುತ್ತದೆ. ಖರ್ಚಾಗಲಿಲ್ಲ ಅಂತ ಮುಂದಿನ ವರ್ಷ ಕಡಿಮೆ ತರಿಸುತ್ತಾರೆ. ಅತ್ತ ಜಿಲ್ಲಾಸ್ಪತ್ರೆಯಲ್ಲಿ ಎಲ್ಲ ಊರಿನ ರೋಗಿಗಳೂ ಒಟ್ಟಿಗೆ ಬಂದು ದಾಸ್ತಾನು ಬೇಗ ಕರಗುತ್ತದೆ. ಆ ಡಾಕ್ಟರರ ಹೆದರಿಕೆ ಸುಳ್ಳಲ್ಲ. ಆದರೆ ಅದಕ್ಕೆ ಪರಿಹಾರವೂ ಇದೆ. ಎಎಸ್‌ವಿಗೆ ಮೊದಲು ಸಣ್ಣ ಪ್ರಮಾಣದ ಅಡ್ರಿನಲಿನ್ ಚರ್ಮದಡಿ ಕೊಟ್ಟರೆ ತೀವ್ರ ಪ್ರತಿಕ್ರಿಯೆಗಳು ಕಡಿಮೆಯಾಗುತ್ತವೆ ಎಂದು ಶ್ರೀಲಂಕಾದ ಅಧ್ಯಯನವೊಂದು 2011ರಲ್ಲೇ ತೋರಿಸಿದೆ. ಬೇಕಾಗಿರುವುದು ತರಬೇತಿ, ಮತ್ತು ರಾತ್ರಿಯಲ್ಲಿ ಜೊತೆಗೆ ಇನ್ನೊಬ್ಬರು.

ಒಬ್ಬ ರೋಗಿಗೆ ಎಷ್ಟು ಬೇಕು ಅನ್ನುವುದೂ ಇಲ್ಲಿ ಮುಖ್ಯ. ಒಂದು ವಯಲ್‌ನಲ್ಲಿ 10 ಮಿಲಿಲೀಟರ್ ಮದ್ದು. ಒಂದು ಮಿಲಿಲೀಟರ್ ಕೊಳಕುಮಂಡಲದ 0.6 ಮಿಲಿಗ್ರಾಂ ವಿಷವನ್ನು ತಡೆಯುತ್ತದೆ. ಆ ಹಾವು ಒಂದು ಕಡಿತಕ್ಕೆ ಸರಾಸರಿ 63 ಮಿಲಿಗ್ರಾಂ ವಿಷ ಬಿಡುತ್ತದೆ ಅಂತ ಲೆಕ್ಕ. ಅಂದರೆ ಮೊದಲ ಸುತ್ತಿಗೇ ಸುಮಾರು 10 ವಯಲ್. ಮಕ್ಕಳಿಗೂ ಅಷ್ಟೇ ಬೇಕು, ಹಾವು ಮಗುವೆಂದು ಕಡಿಮೆ ವಿಷ ಬಿಡುವುದಿಲ್ಲ. ಕೇಂದ್ರದಲ್ಲಿ ನಾಲ್ಕೈದು ವಯಲ್ ಇದ್ದರೆ ಪಟ್ಟಿಯಲ್ಲಿ ದಾಸ್ತಾನಿದೆ ಅಂತಲೇ ಬರುತ್ತದೆ. ಒಬ್ಬ ರೋಗಿಗೂ ಅದು ಸಾಲದು.

ಹೀಗಿರುವಾಗ ಇರುವ ವಯಲ್ ಪೋಲಾಗದಂತೆ ನೋಡುವುದೂ ಮದ್ದು ಹುಡುಕಿದಷ್ಟೇ ದೊಡ್ಡ ಕೆಲಸ. ಕಚ್ಚಿದ ಹಾವುಗಳಲ್ಲಿ ಎಷ್ಟೋ ವಿಷವಿಲ್ಲದವು. ವಿಷದ ಹಾವೂ ಕೆಲವು ಸಲ ವಿಷ ಬಿಡದೆ ಕಚ್ಚುತ್ತದೆ. ಶುಭ್ರವಾದ ಗಾಜಿನ ಟ್ಯೂಬಿನಲ್ಲಿ 2 ಮಿಲಿಲೀಟರ್ ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಟ್ಟು ನೋಡಿದರೆ, ಹೆಪ್ಪುಗಟ್ಟದಿದ್ದಲ್ಲಿ ಮಂಡಲದ ವಿಷ ಏರಿದೆ ಅಂತ ತಿಳಿಯುತ್ತದೆ. ನಾಗರಹಾವು, ಕಟ್ಟುಹಾವಿನ ವಿಷ ಹೀಗೆ ಗೊತ್ತಾಗುವುದಿಲ್ಲ. ಅಲ್ಲಿ ರೆಪ್ಪೆ ಜೋತುಬೀಳುವುದು, ನುಂಗಲು ಕಷ್ಟವಾಗುವುದು, ಉಸಿರು ಸೋಲುವುದನ್ನು ನೋಡಬೇಕು. ಉಸಿರು ನಿಲ್ಲುತ್ತಿದ್ದರೆ ಕೈಯಲ್ಲಿ ಒತ್ತುವ ಆಂಬು ಬ್ಯಾಗಿನಿಂದ ಗಾಳಿ ಕೊಡುತ್ತ, ಮದ್ದಿರುವ ಆಸ್ಪತ್ರೆ ತಲುಪುವವರೆಗೆ ಜೀವ ಹಿಡಿದಿಡಬಹುದು. ಮನೆಯವರು ಕಚ್ಚಿದ ಜಾಗ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಮಾಡದೆ, ಕೈಕಾಲು ಅಲುಗಾಡದಂತೆ ಇಟ್ಟು 108ಕ್ಕೆ ಕರೆಮಾಡಬೇಕು. ಹೊರಡುವ ಮೊದಲೇ ಎಲ್ಲಿ ಎಎಸ್‌ವಿ ಇದೆ ಅಂತ ಫೋನಿನಲ್ಲಿ ಕೇಳಿಸಿದರೆ ಒಂದು ಸುತ್ತಾಟ ತಪ್ಪುತ್ತದೆ.

ಮಲೆನಾಡಿನವರಿಗೆ ಇನ್ನೊಂದು ಕಷ್ಟವಿದೆ. ಮೂಗಿನ ತುದಿ ಮೇಲಕ್ಕೆತ್ತಿಕೊಂಡಿರುವ ಚಿಕ್ಕ ಗುಳಿಮಂಡಲವೊಂದು ತೋಟ, ತರಗೆಲೆಗಳ ನಡುವೆ ಇರುತ್ತದೆ. ಅದು ಕಚ್ಚಿದರೆ ಕಿಡ್ನಿ ಕೆಡಬಹುದು, ರಕ್ತ ಸೋರಬಹುದು. ನಾಲ್ಕು ಹಾವುಗಳ ಮದ್ದು ಅದಕ್ಕೆ ನಾಟುವುದಿಲ್ಲ. ಅದನ್ನು ಕೊಳಕುಮಂಡಲವೆಂದೇ ತಿಳಿದು ವಯಲ್ ಮೇಲೆ ವಯಲ್ ಕೊಟ್ಟರೆ ರೋಗಿಗೂ ಉಪಯೋಗವಿಲ್ಲ, ದಾಸ್ತಾನೂ ಖಾಲಿ. ನಾಲ್ಕರೊಳಗಿನ ಹಾವುಗಳ ವಿಷವೂ ಊರಿಂದೂರಿಗೆ ಬದಲಾಗುತ್ತದೆ. ತಮಿಳುನಾಡಿನ ಒಂದು ಭಾಗದ ವಿಷದಿಂದ ಮಾಡಿದ ಮದ್ದು ದೂರದ ರಾಜ್ಯಗಳ ಅದೇ ಹಾವಿನ ಮೇಲೆ ಸಾಲದೆ ಹೋಗುತ್ತದೆ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗರ್ ಅವರ ತಂಡ ಹಲವು ವರ್ಷಗಳಿಂದ ತೋರಿಸುತ್ತಿದೆ.

2024ರ ಫೆಬ್ರುವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಖಾಸಗಿ ಆಸ್ಪತ್ರೆಗಳಿಗೂ ಇದು ಅನ್ವಯ. ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 2030ರೊಳಗೆ ಸಾವುಗಳನ್ನು ಅರ್ಧಕ್ಕೆ ಇಳಿಸುವ ಯೋಜನೆ ಪ್ರಕಟಿಸಿತು. ಬೇರೆ ರಾಜ್ಯಗಳಿಗೂ ಕರ್ನಾಟಕದ ಹಾಗೆ ವರದಿ ಕಡ್ಡಾಯ ಮಾಡಿ ಅಂತ ಆ ವರ್ಷದ ಕೊನೆಗೆ ಹೇಳಿತು. ಎಣಿಕೆ ಬಿಗಿಯಾದ ಮೇಲೆ ನಮ್ಮಲ್ಲಿ ದಾಖಲಾಗುವ ಪ್ರಕರಣಗಳು ಏರಿದವು. ಹಾವುಗಳು ಒಂದೇ ವರ್ಷದಲ್ಲಿ ಜಾಸ್ತಿಯಾಗಲಿಲ್ಲ, ಬರೆದಿಡುವುದು ಜಾಸ್ತಿಯಾಯಿತು. ಈ ಹೊಸ ಲೆಕ್ಕ ನೋಡಿ ಇಂಡೆಂಟ್ ಹಾಕುತ್ತಾರೋ, ಅಥವಾ ಹೋದ ವರ್ಷದ ಖರ್ಚನ್ನೇ ನೋಡಿ ಹಾಕುತ್ತಾರೋ ಅನ್ನುವುದರ ಮೇಲೆ ಮುಂದಿನ ಮಳೆಗಾಲ ನಿಂತಿದೆ.

ಅದೇ ಫೆಬ್ರುವರಿಯಲ್ಲಿ ಸುನಗರ್ ಅವರ ತಂಡ ಮತ್ತು ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆ ಸೇರಿ, ಕುದುರೆಯ ಹಂಗಿಲ್ಲದೆ ಪ್ರಯೋಗಾಲಯದಲ್ಲೇ ತಯಾರಿಸಿದ ಮಾನವ ಪ್ರತಿಕಾಯವೊಂದನ್ನು ಪ್ರಕಟಿಸಿದವು. ಇಲಿಗಳಲ್ಲಿ ಅದು ನಾಗರಹಾವು, ಕಟ್ಟುಹಾವುಗಳ ಜಾತಿಯ ಹಾವುಗಳಲ್ಲಿರುವ ಒಂದು ಬಗೆಯ ನರವಿಷವನ್ನು ತಡೆಯಿತು. ಮಂಡಲದ ವಿಷವನ್ನು ಅದು ಮುಟ್ಟುವುದಿಲ್ಲ. ಹಾಗಾಗಿ ಗದ್ದೆಯಲ್ಲಿ ಕೊಳಕುಮಂಡಲ ಕಚ್ಚಿದವರಿಗೆ ಈಗಲೂ ಬೇಕಿರುವುದು ಕುದುರೆಯಿಂದ ಬಂದ ಆ 10 ವಯಲ್, ಜೊತೆಗೆ ಅದನ್ನು ಕೊಡಬಲ್ಲ ಒಬ್ಬ ಡಾಕ್ಟರ್, ಒಂದೇ ಕಟ್ಟಡದಲ್ಲಿ.