ಹಾಡಿನ ನಡುವೆ ಶಾಲು ಹೊದಿಸಬೇಡಿ

ನಾನು ಊರೂರಲ್ಲಿ ಹಾಡಿನ ಕಾರ್ಯಕ್ರಮ ಕೊಡುವ ರಸಮಂಜರಿ ತಂಡವೊಂದರ ಲೀಡರ್. ಗಣೇಶನ ಹಬ್ಬ ಹತ್ತಿರ ಬಂತು ಅಂದರೆ ನನ್ನ ಫೋನಿಗೆ ಬಿಡುವಿಲ್ಲ. ಅಲ್ಲಿಂದ ದಸರಾ, ರಾಜ್ಯೋತ್ಸವ, ಆಮೇಲೆ ಊರಹಬ್ಬ, ಜಾತ್ರೆ. ಫೋನ್ ಮಾಡುವವರು ಕೇಳುವುದು ರೇಟ್ ಎಷ್ಟು, ಲೇಡಿ ಸಿಂಗರ್ ಯಾರು, ಡ್ಯಾನ್ಸ್ ಇದೆಯಾ ಅಂತ. ಎಲ್ಲಕ್ಕೂ ಉತ್ತರ ಕೊಟ್ಟು ನಾನು ಒಂದೇ ಒಂದು ಪ್ರಶ್ನೆ ಕೇಳುತ್ತೇನೆ. "ಸನ್ಮಾನ ಎಷ್ಟು ಗಂಟೆಗೆ?" ಯಾವ ಊರಿನವರೇ ಆಗಲಿ, ಹೇಳುವುದು ಒಂದೇ ಮಾತು: "ಅದೇನ್ ಜಾಸ್ತಿ ಇಲ್ಲ ಸಾರ್, ಮಧ್ಯದಲ್ಲಿ ಒಂದ್ಹತ್ತು ನಿಮಿಷ."

ಆ ಹತ್ತು ನಿಮಿಷ ಯಾವತ್ತೂ ಹತ್ತು ನಿಮಿಷ ಆಗುವುದಿಲ್ಲ ಎಂಬುದು ನಿಮಗೂ ಗೊತ್ತು. ಆದರೆ ನನ್ನ ತಕರಾರು ಅದಲ್ಲ. ನಿಜವಾಗಿಯೂ ಹತ್ತೇ ನಿಮಿಷಕ್ಕೆ ಮುಗಿದರೂ ಕಾರ್ಯಕ್ರಮಕ್ಕೆ ಅದರ ಮೂರು ಪಟ್ಟು ನಷ್ಟ. ಕಮಿಟಿಯವರಿಗೆ ಇದನ್ನು ಎಷ್ಟು ಸಲ ಹೇಳಿದರೂ ತಲೆಗೆ ಹೋಗುವುದಿಲ್ಲ. ಅದಕ್ಕೇ ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೈಸೂರಿನಲ್ಲಿ ಪೊಲೀಸ್ ಬ್ಯಾಂಡ್ ನುಡಿಸುವುದನ್ನು ನೋಡಿದ್ದೀರಲ್ಲ? ಕಂಡಕ್ಟರ್ ಜನರಿಗೆ ಬೆನ್ನು ಹಾಕಿ ನಿಲ್ಲುತ್ತಾರೆ. ಅವರ ಕಣ್ಣು ವಾದಕರ ಮೇಲೆ. ರಸಮಂಜರಿಯ ಲೀಡರಿಗೆ ಆ ಭಾಗ್ಯ ಇಲ್ಲ. ಕೀಬೋರ್ಡ್ ನುಡಿಸುತ್ತಲೇ ತಂಡವನ್ನು ನಡೆಸಬೇಕು. ತಲೆ ಆಡಿಸಿದರೆ ಬಿಜಿಎಂ, ಅಂದರೆ ಹಾಡಿನ ನಡುವಿನ ವಾದ್ಯಸಂಗೀತ, ಶುರು; ಎಡಗೈ ಮುಷ್ಟಿ ಕಟ್ಟಿದರೆ ನಿಲ್ಲಿಸಿ ಅಂತ. ಒಂದು ಕಣ್ಣು ರಿದಮ್ ಪ್ಯಾಡ್ (ಬಡಿದರೆ ಡ್ರಮ್ಮಿನ ಸದ್ದು ಕೊಡುವ ಎಲೆಕ್ಟ್ರಾನಿಕ್ ವಾದ್ಯ) ಹುಡುಗನ ಮೇಲೆ, ಇನ್ನೊಂದು ಜನರ ಮೇಲೆ. ಜನ ಕುರ್ಚಿಗೆ ಒರಗಿದರು, ಮೊಬೈಲ್ ತೆಗೆದರು ಅಂದರೆ ಮುಂದಿನ ಹಾಡು ಬದಲಾಗಬೇಕು. ಸಿಂಗರ್‌ಗೆ ಕಣ್ಸನ್ನೆಯಲ್ಲೇ ಹೇಳಬೇಕು.

ಜನ ಒಂದೇ ಹಾಡಿಗೆ ನಮ್ಮವರಾಗುವುದಿಲ್ಲ. ಮೊದಲು ದೇವರ ಹಾಡು. ಆಮೇಲೆ ಹಿರಿಯರಿಗಾಗಿ ರಾಜ್‌ಕುಮಾರ್ ಕಾಲದ ನಿಧಾನದ ಹಾಡುಗಳು, ಯಾಕೆಂದರೆ ಅವರು ಬೇಗ ಎದ್ದು ಹೋಗುವವರು. ನಂತರ ಯುಗಳಗೀತೆ. ವೇಗ ಮೆಲ್ಲಗೆ ಏರುತ್ತದೆ. ಐದಾರು ಹಾಡು ಕಳೆದ ಮೇಲೆ ಹಿಂದೆ ನಿಂತವರು ಕೈ ಎತ್ತಿ ಚಪ್ಪಾಳೆ ಹಾಕುತ್ತಾರೆ. ಅಲ್ಲಿಗೆ ನಮ್ಮ ಅರ್ಧ ಕೆಲಸ ಆಯಿತು.

ಆದರೆ ಆ ಚಪ್ಪಾಳೆ ನಮಗೆ ತಡವಾಗಿ ಕೇಳುತ್ತದೆ. ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ನೂರಡಿ ಆಚೆ ನಿಂತವನಿಗೆ ವೇದಿಕೆಯ ಬೀಟ್ ಮುಟ್ಟಲು ಹೆಚ್ಚುಕಡಿಮೆ ಸೆಕೆಂಡಿನ ಹತ್ತನೇ ಒಂದು ಪಾಲು ಬೇಕು. ಅವನ ಚಪ್ಪಾಳೆ ವಾಪಸು ಬರಲು ಇನ್ನೂ ಅಷ್ಟೇ. ನಿಮಿಷಕ್ಕೆ 120 ಬೀಟಿನ ಹಾಡಾದರೆ ಒಂದು ಬೀಟಿಗೆ ಇರುವುದೇ ಅರ್ಧ ಸೆಕೆಂಡು. ಅಂದರೆ ಅವನ ಚಪ್ಪಾಳೆ ನಮ್ಮ ಕಿವಿಗೆ ಬೀಳುವಾಗ ಬೀಟಿನ ಮೂರನೇ ಒಂದು ಪಾಲು ಕಳೆದಿರುತ್ತದೆ. ಪ್ಯಾಡ್ ಹುಡುಗ ಆ ಚಪ್ಪಾಳೆಗೆ ಕಿವಿಗೊಟ್ಟನೋ, ಹಾಡು ಎಳೆಯಲು ಶುರು. ಅವನು ಕಿವಿ ಮುಚ್ಚಿಕೊಂಡು ನನ್ನ ತಲೆ ನೋಡಬೇಕು. ಜನರ ಖುಷಿ ಕಣ್ಣಿಗೆ ಕಾಣಬೇಕು, ತಾಳ ಮಾತ್ರ ಅವರಿಂದ ತಗೊಳ್ಳಬಾರದು. ಹೊಸ ಹುಡುಗರಿಗೆ ಇದು ಕೂರಲು ವರ್ಷಗಳೇ ಬೇಕು. (ಗಣ್ಯರ ಸೋಫಾ ಅಂತ ಮುಂದಿನ ಜಾಗವನ್ನೆಲ್ಲ ಖಾಲಿ ಬಿಟ್ಟು ಜನರನ್ನು ಇನ್ನೂ ಹಿಂದಕ್ಕೆ ತಳ್ಳುತ್ತೀರಲ್ಲ, ಆ ಪುಣ್ಯ ಬೇರೆ.)

ಸರಿಯಾಗಿ ಇಂಥ ಹೊತ್ತಲ್ಲಿ ನಿರೂಪಕರು ಮೈಕ್ ಹಿಡಿದು ಬರುತ್ತಾರೆ. "ಈಗ ನಮ್ಮೆಲ್ಲರ ನೆಚ್ಚಿನ..." ಮುಗೀತು. ಕುದಿಯುತ್ತಿರುವ ಅನ್ನಕ್ಕೆ ಚೊಂಬು ತಣ್ಣೀರು ಸುರಿದ ಹಾಗೆ.

ಭಾಷಣ ಮುಗಿದ ಕೂಡಲೇ ನಿಲ್ಲಿಸಿದಲ್ಲಿಂದಲೇ ಶುರು ಮಾಡಿ ಅಂತೀರಿ. ಆಗುವುದಿಲ್ಲ. ಅಷ್ಟರಲ್ಲಿ ಅರ್ಧ ಜನ ಗೋಬಿ ಗಾಡಿ ಹತ್ತಿರ ಇರುತ್ತಾರೆ. ತಣ್ಣಗಾದವರ ಮುಂದೆ ಒಮ್ಮೆಲೇ ವೇಗದ ಹಾಡು ಹಾಕಿದರೆ ಸುಮ್ನೆ ನೋಡುತ್ತಾರೆ ಅಷ್ಟೇ. ಮತ್ತೆ ಕೆಳಗಿಳಿದು, ಎರಡು ಮೂರು ಹಾಡು ಖರ್ಚು ಮಾಡಿ ಅವರನ್ನು ಕರೆದುಕೊಂಡು ಬರಬೇಕು. ವಾದ್ಯಗಳೂ ಕಾಯುವುದಿಲ್ಲ. ರಾಜ್ಯೋತ್ಸವದ ರಾತ್ರಿಯ ಚಳಿಯಲ್ಲಿ ಕೊಳಲು ತಣ್ಣಗಾದರೆ ಶ್ರುತಿ ಇಳಿಯುತ್ತದೆ. ಇಬ್ಬನಿಗೆ ತಬಲಾದ ಚರ್ಮ ಸಡಿಲವಾಗುತ್ತದೆ. ಕೀಬೋರ್ಡಿಗೆ ಚಳಿಯಿಲ್ಲ, ಅದು ಇದ್ದಲ್ಲೇ ಇರುತ್ತದೆ. ಮೂರನ್ನೂ ಮತ್ತೆ ಕೂಡಿಸುವಷ್ಟರಲ್ಲಿ "ಏನ್ರೀ, ಶುರು ಮಾಡ್ರೀ" ಅಂತ ಕೂಗುವವರು ಕಮಿಟಿಯವರೇ.

ಗಡಿಯಾರವಂತೂ ಯಾರ ಮಾತೂ ಕೇಳುವುದಿಲ್ಲ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಂತೆ ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವ ಹಾಗಿಲ್ಲ. ಹಬ್ಬದ ದಿನಗಳಿಗೆ ಸರ್ಕಾರ ರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು, ಅದೂ ವರ್ಷಕ್ಕೆ 15 ದಿನ ಮೀರದಂತೆ. ನಿಮ್ಮ ದಿನಕ್ಕೆ ಅದು ಇದೆಯಾ ಎಂದು ಠಾಣೆಯಲ್ಲಿ ಮೊದಲೇ ವಿಚಾರಿಸಿ. ಇಲ್ಲ ಅಂದರೆ ಏಳೂವರೆಗೆ ಶುರುವಾದ ಕಾರ್ಯಕ್ರಮಕ್ಕೆ ಸಿಗುವುದೇ ಎರಡೂವರೆ ಗಂಟೆ. ಅದರಲ್ಲಿ ಸನ್ಮಾನ, ಅದರ ಹಿಂದೆ ಜನರನ್ನು ಮತ್ತೆ ಕರೆತರುವ ಹಾಡುಗಳು. ಹುಡುಗರು ಸಂಜೆಯಿಂದ ಕಾದ ಕುಣಿಯುವ ಹಾಡುಗಳ ಹೊತ್ತಿಗೆ ಪೊಲೀಸ್ ಜೀಪು ಬಂದಿರುತ್ತದೆ. ಬೈಗುಳ ನಮಗೆ.

ಗಣ್ಯರೇ ಬೇಡ ಅಂತ ನಾನು ಹೇಳುತ್ತಿಲ್ಲ. ದುಡ್ಡು ಕೊಟ್ಟವರಿಗೆ ಒಂದು ಶಾಲು ಹೊದಿಸುವುದು ನ್ಯಾಯವೇ. ಎಷ್ಟೋ ಸಲ ಅವರಿಗೂ ಭಾಷಣ ಬೇಕಿರುವುದಿಲ್ಲ. ತಿಪಟೂರಿನ ಕಡೆಯ ಒಂದು ಜಾತ್ರೆಯಲ್ಲಿ ಹೀಗೇ ಹಾಡು ನಿಲ್ಲಿಸಿ ಹಿರಿಯರೊಬ್ಬರನ್ನು ಮೇಲೆ ಕರೆದರು. ಮೈಕ್ ತಗೊಂಡು, "ಏನಪ್ಪಾ, ಚೆನ್ನಾಗಿ ಹಾಡ್ತಾ ಇದ್ರು, ಯಾಕ್ ನಿಲ್ಲಿಸಿದ್ರಿ?" ಅಂದವರೇ ಕೆಳಗಿಳಿದು ಹೆಂಗಸರ ಸಾಲಿನ ಪಕ್ಕ ನೆಲದಲ್ಲೇ ಕೂತರು. ಆ ರಾತ್ರಿ ಅವರು ಕೇಳಿದ ಹಾಡನ್ನೆಲ್ಲ ಹಾಡಿದೆವು. ಪಟ್ಟಿಯಲ್ಲಿ ಇಲ್ಲದ್ದನ್ನೂ.

ಸನ್ಮಾನವನ್ನು ಮೊದಲ ಹಾಡಿಗೆ ಮುಂಚೆ ಮುಗಿಸಿಬಿಡಿ. ಗಣ್ಯರು ತಡವಾಗಿ ಬಂದರೆ, ಬರುವುದೇ ತಡವಾಗಿ ಅಲ್ವಾ, ನಡೆಯುತ್ತಿರುವ ಹಾಡು ಮುಗಿಯಲಿ. ನಾವು ಒಂದು ಸ್ವಾಗತದ ಬಿಟ್ ನುಡಿಸುತ್ತೇವೆ, ಅವರು ಕೈಮುಗಿದು ಕೂರಲಿ. ಶಾಲು ಕೊನೆಯ ಹಾಡಾದ ಮೇಲೆ. ಜನ ಎದ್ದು ಹೋಗುತ್ತಾರೆ ಎಂಬ ಭಯ ನಿಮಗಿದೆ, ಅದು ಸುಳ್ಳೂ ಅಲ್ಲ. ಹಾಗಿದ್ದರೆ ಕೊನೆಯ ಎರಡು ಹಾಡು ಬಾಕಿ ಇರುವಾಗ ಇಟ್ಟುಕೊಳ್ಳಿ, ಅಲ್ಲಿ ನಷ್ಟ ಕಡಿಮೆ. ಆದರೆ ಮೊದಲೇ ತಿಳಿಸಿ, ಪಟ್ಟಿಯನ್ನು ಅದಕ್ಕೆ ತಕ್ಕಂತೆ ಜೋಡಿಸುತ್ತೇನೆ. ಇದು ಬಯಲಿನ ಕಾರ್ಯಕ್ರಮದ ಮಾತು. ಕಲ್ಯಾಣ ಮಂಟಪದಲ್ಲಿ ಲೆಕ್ಕ ಬೇರೆ, ಅಲ್ಲಿ ಊಟದ ಪಂಕ್ತಿಯೇ ಎಲ್ಲವನ್ನೂ ತೀರ್ಮಾನಿಸುತ್ತದೆ.

ಇನ್ನೊಂದು ಮಾತು. ವೇದಿಕೆ ಮೇಲೆ ಹಣ್ಣಿನ ಬುಟ್ಟಿ ಇಡಲು ಜಾಗ ಇಲ್ಲ ಅಂತ ರಿದಮ್ ಪ್ಯಾಡಿನ ಮೇಲೆ ಇಡಬೇಡಿ. ಅದು ಟೇಬಲ್ ಅಲ್ಲ, ಆನ್ ಆಗಿರುತ್ತದೆ. ಅಧ್ಯಕ್ಷರು ಎರಡು ಮಾತಾಡುವಾಗ ಹಿಂದಿನಿಂದ ಢಂ ಅಂದರೆ ನಾವು ಬೇಕಂತಲೇ ಮಾಡಿದ್ದು ಅಂತಾರೆ.