ನಕಲು ಕನ್ಸೋಲಿಗೆ ಸತ್ವಪರೀಕ್ಷೆ

ಹಳೆಯ ಕಾರ್ಟ್ರಿಡ್ಜ್‌ಗಳನ್ನು ಆಡಿಸುವ, ಅಂಗೈಯಲ್ಲಿ ಹಿಡಿಯುವ ತದ್ರೂಪಿ ಕನ್ಸೋಲ್ ಕೈಗೆ ಬಂದ ಕೂಡಲೇ ಬಹುತೇಕರು ಸೂಪರ್ ಮಾರಿಯೋ ಬ್ರದರ್ಸ್ ಹಾಕಿ ನೋಡುತ್ತಾರೆ. ಮಾರಿಯೋ ಓಡಿದ, ಹಾರಿದ, ಅಣಬೆ ನುಂಗಿ ದೊಡ್ಡವನಾದ, ಯಂತ್ರ ಪಾಸಾಯಿತು. ನನ್ನ ಪ್ರಕಾರ ಇದು ಪರೀಕ್ಷೆಯೇ ಅಲ್ಲ. 1985ರ ಆ ಆಟದ ಗಾತ್ರ 40 ಕಿಲೋಬೈಟ್. ಅದರಲ್ಲಿ 32 ಪ್ರೋಗ್ರಾಮಿಗೆ, ಉಳಿದ 8 ಚಿತ್ರಗಳಿಗೆ. ಕನ್ಸೋಲಿನಿಂದ ಅದು ವಿಶೇಷವಾದದ್ದೇನನ್ನೂ ಬೇಡುವುದಿಲ್ಲ. ನಿಂಟೆಂಡೋದ ಅಂಗೈ ಕನ್ಸೋಲಾದ ಗೇಮ್ ಬಾಯ್‌ಗೆ 1989ರಲ್ಲಿ ಬಂದ ಟೆಟ್ರಿಸ್ ಕೂಡ 32 ಕಿಲೋಬೈಟಿನ ಅಷ್ಟೇ ಸಾಧು ಆಟ. ಇವೆರಡನ್ನೂ ಓಡಿಸಲಾಗದ ಯಂತ್ರವನ್ನು ಯಾರೂ ಮಾರುಕಟ್ಟೆಗೆ ತರುವುದಿಲ್ಲ. ತಂಟೆಕೋರ ಕಾರ್ಟ್ರಿಡ್ಜ್‌ಗಳು ಬೇರೆಯೇ ಇವೆ, ಪರೀಕ್ಷಕನಿಗೆ ಬೇಕಾದವು ಅವೇ.

ತಂಟೆ ಎಲ್ಲಿಂದ ಬರುತ್ತದೆ ಎಂದು ತಿಳಿಯಲು ಒಂದು ತಪ್ಪು ಕಲ್ಪನೆಯನ್ನು ಬಿಡಬೇಕು. ಕಾರ್ಟ್ರಿಡ್ಜ್ ಎಂದರೆ ಆಟವನ್ನು ತುಂಬಿಟ್ಟ ಸಿ.ಡಿ.ಯಂಥದ್ದಲ್ಲ, ಅದು ಕಂಪ್ಯೂಟರಿನ ಅರ್ಧ ಭಾಗ. 1983ರಲ್ಲಿ ಜಪಾನಿನಲ್ಲಿ ಬಂದ ನಿಂಟೆಂಡೋದ ಫ್ಯಾಮಿಕಾಮ್‌ನಲ್ಲಿ ಕಾರ್ಟ್ರಿಡ್ಜ್‌ಗೆ 60 ಪಿನ್‌ಗಳಿದ್ದವು, ಅಮೆರಿಕದ ಎನ್ಇಎಸ್ ಆವೃತ್ತಿಯಲ್ಲಿ 72. ಆ ಪಿನ್‌ಗಳ ಮೂಲಕ ಪ್ರೊಸೆಸರಿನ ದಾರಿಯೂ ಚಿತ್ರ ಬಿಡಿಸುವ ಚಿಪ್‌ನ ದಾರಿಯೂ ಪ್ರತ್ಯೇಕವಾಗಿ ನೇರ ಕಾರ್ಟ್ರಿಡ್ಜ್‌ನೊಳಗೆ ಹೋಗುತ್ತವೆ. ಸೆಕೆಂಡಿಗೆ ಸುಮಾರು 17.9 ಲಕ್ಷ ಸಲ ಮಿಡಿಯುವ ಪ್ರೊಸೆಸರ್ ತನ್ನ ಆದೇಶಗಳನ್ನು ಅಲ್ಲಿಂದಲೇ, ಆ ಗಳಿಗೆಯಲ್ಲೇ ಎತ್ತಿಕೊಳ್ಳುತ್ತದೆ. ಆಟವನ್ನು ಮೊದಲು ಒಳಗೆ ಇಳಿಸಿಕೊಳ್ಳುವ ಪದ್ಧತಿಯೇ ಇಲ್ಲ. ಇದರ ಲಾಭ ಪಡೆದ ಆಟದ ತಯಾರಕರು ಕನ್ಸೋಲಿಗೆ ಇಲ್ಲದ ಶಕ್ತಿಯನ್ನು ಕಾರ್ಟ್ರಿಡ್ಜ್‌ನಲ್ಲೇ ಚಿಪ್ ಇಟ್ಟು ತುಂಬಿಸಿದರು. ಹಾಗಾಗಿ ತದ್ರೂಪಿ ಯಂತ್ರ ನಕಲು ಮಾಡಬೇಕಾದದ್ದು ಆಟವನ್ನಲ್ಲ, ಆ ಸಂಭಾಷಣೆಯನ್ನು.

ಇದನ್ನು ಮಾಡುವ ಯಂತ್ರಗಳಲ್ಲಿ ಮೂರು ಜಾತಿ. ಮೊದಲನೆಯದು ಇಡೀ ಕನ್ಸೋಲನ್ನು ಒಂದೇ ಚಿಪ್‌ನಲ್ಲಿ ಕೂಡಿಸಿದ್ದು. ಬಿಚ್ಚಿ ನೋಡಿದರೆ ಸರ್ಕಿಟ್ ಹಲಗೆಯ ಮೇಲೆ ಕಪ್ಪು ಎಪಾಕ್ಸಿಯ ಒಂದು ಬೊಟ್ಟು ಕಾಣುತ್ತದೆ, ಎಲ್ಲವೂ ಅದರ ಕೆಳಗಿದೆ. ಎರಡನೆಯದರಲ್ಲಿ ಮೊಬೈಲ್ ಫೋನಿನ ತರಹದ ಪ್ರೊಸೆಸರ್ ಇರುತ್ತದೆ. ಅದು ಕಾರ್ಟ್ರಿಡ್ಜನ್ನು ಒಮ್ಮೆ ಪೂರ್ತಿ ಓದಿ ತನ್ನ ನೆನಪಿಗೆ ನಕಲಿಸಿಕೊಂಡು, ಹಳೆಯ ಯಂತ್ರದಂತೆ ನಟಿಸುವ ಎಮ್ಯುಲೇಟರ್ ತಂತ್ರಾಂಶದಲ್ಲಿ ಓಡಿಸುತ್ತದೆ. ಎರವಲು ಪುಸ್ತಕವನ್ನು ಜೆರಾಕ್ಸ್ ಮಾಡಿಕೊಂಡು ಓದಿದ ಹಾಗೆ. ಮೂರನೆಯದು ಎಫ್‌ಪಿಜಿಎ, ಅಂದರೆ ಒಳಗಿನ ತರ್ಕ ಜೋಡಣೆಯನ್ನು ಬೇಕಾದಂತೆ ಮರುರೂಪಿಸಬಹುದಾದ ಚಿಪ್. 2021ರ ಕೊನೆಯಲ್ಲಿ ಬಂದ ಅನಲಾಗ್ ಪಾಕೆಟ್ ಈ ಜಾತಿಯದು. ಡಬ್ಬಿಯ ಮೇಲೆ ಯಾವ ಜಾತಿ ಎಂದು ಬರೆದಿರುವುದು ಅಪರೂಪ, ಆದರೆ ಪರೀಕ್ಷೆಯೇ ಅದನ್ನು ಬಾಯಿಬಿಡಿಸುತ್ತದೆ.

ಮೊದಲು ಸೂಪರ್ ಮಾರಿಯೋ ಬ್ರದರ್ಸ್ 3 ಹಾಕೋಣ. ಇದರ ಪರದೆಯ ಕೆಳತುದಿಯಲ್ಲಿ ಅಂಕ, ಸಮಯ, ನಾಣ್ಯಗಳನ್ನು ತೋರಿಸುವ ಪಟ್ಟಿಯೊಂದು ಕದಲದೆ ನಿಂತಿರುತ್ತದೆ, ಮೇಲಿನ ಲೋಕ ಮಾತ್ರ ಸರಿಯುತ್ತದೆ. ಹೀಗೆ ಪರದೆಯನ್ನು ಎರಡಾಗಿ ಸೀಳಬೇಕಾದರೆ ಚಿತ್ರ ಯಾವ ಗೆರೆಯವರೆಗೆ ಬಂದಿದೆ ಎಂದು ಪ್ರೊಸೆಸರಿಗೆ ಯಾರಾದರೂ ಹೇಳಬೇಕು. ಹೇಳುವುದು ಕಾರ್ಟ್ರಿಡ್ಜ್‌ನಲ್ಲಿರುವ ಎಂಎಂಸಿ3 ಎಂಬ ಚಿಪ್. ಅದಕ್ಕೆ ಪರದೆ ಕಾಣುವುದಿಲ್ಲ. ಚಿತ್ರದ ಚಿಪ್ ಪ್ರತಿ ಗೆರೆಗೂ ಮೊದಲು ಹಿನ್ನೆಲೆಯ ತುಣುಕುಗಳನ್ನು, ಆಮೇಲೆ ಪಾತ್ರಗಳ ತುಣುಕುಗಳನ್ನು ತರಿಸಿಕೊಳ್ಳುವಾಗ ಎ12 ಎಂಬ ಒಂದು ವಿಳಾಸ ತಂತಿಯ (ಮೆಮೊರಿಯ ಯಾವ ಜಾಗ ಬೇಕೆಂದು ಸೂಚಿಸುವ ತಂತಿಗಳಲ್ಲಿ ಒಂದು) ವೋಲ್ಟೇಜ್ ಏರುತ್ತದಲ್ಲ, ಆ ಏರಿಕೆಗಳನ್ನು ಎಣಿಸಿಯೇ ಅದು ಗೆರೆಯ ಲೆಕ್ಕ ಹಿಡಿಯುತ್ತದೆ. ಕದ್ದು ಕೇಳಿ ಕಾಲ ತಿಳಿಯುವ ಈ ಉಪಾಯವನ್ನು ಕಂಡುಕೊಂಡವರಿಗೆ ನಾನು ಮನಸಾರೆ ತಲೆಬಾಗುತ್ತೇನೆ. ತದ್ರೂಪಿ ಚಿಪ್ ಸರಿಯಾದ ಚಿತ್ರವನ್ನೇ ಬಿಡಿಸಿದರೂ, ತುಣುಕುಗಳನ್ನು ತರಿಸಿಕೊಳ್ಳುವ ಕ್ರಮ ಚೂರು ಬೇರೆಯಾದರೆ ಎಣಿಕೆ ತಪ್ಪುತ್ತದೆ, ಪಟ್ಟಿಯ ಮೇಲಂಚು ನಡುಗುತ್ತದೆ. ನೋಡಬೇಕಾದದ್ದು ಮಾರಿಯೋನನ್ನಲ್ಲ, ಆ ಅಂಚನ್ನು.

ಕ್ಯಾಸಲ್ವೇನಿಯಾ 3ರ ಅಮೆರಿಕನ್ ಕಾರ್ಟ್ರಿಡ್ಜ್ ಇನ್ನೂ ಹಟಮಾರಿ. ಅದರ ಎಂಎಂಸಿ5 ಚಿಪ್ ಚಿತ್ರದ ಚಿಪ್‌ನ ಓದುಗಳನ್ನು ಇನ್ನಷ್ಟು ಹತ್ತಿರದಿಂದ ಹಿಂಬಾಲಿಸುತ್ತದೆ. ಒಂದೇ ಚಿಪ್‌ನ ಅಗ್ಗದ ಕನ್ಸೋಲ್‌ಗಳು ಮುಗ್ಗರಿಸುವುದಕ್ಕೆ ಈ ಆಟ ಹೆಸರುವಾಸಿ.

ಈಗ ಕಣ್ಣು ಮುಚ್ಚಿ ಕಿವಿ ತೆರೆಯಬೇಕು. ಎನ್ಇಎಸ್‌ನ ರಾಗಗಳನ್ನು ಮುಖ್ಯವಾಗಿ ಹೊರುವವು ಎರಡು ಪಲ್ಸ್ ಚಾನೆಲ್‌ಗಳು. ಪಲ್ಸ್ ಎಂದರೆ ಮೇಲೆ, ಕೆಳಗೆ ಎರಡೇ ಸ್ಥಿತಿಯ ತರಂಗ. ಪ್ರತಿ ಸುತ್ತಿನಲ್ಲಿ ಎಷ್ಟು ಪಾಲು ಅದು ಮೇಲಿರುತ್ತದೆ ಎನ್ನುವುದರಿಂದ ನಾದದ ಗುಣ ನಿರ್ಧಾರವಾಗುತ್ತದೆ. ಆಟ ಎರಡು ಬಿಟ್‌ಗಳಲ್ಲಿ ಈ ಪಾಲನ್ನು ಆರಿಸುತ್ತದೆ: 00 ಎಂದರೆ ಶೇ 12.5, 01 ಎಂದರೆ ಶೇ 25, 10 ಎಂದರೆ ಶೇ 50, 11 ಎಂದರೆ ಶೇ 75. ಅನೇಕ ತದ್ರೂಪಿ ಚಿಪ್‌ಗಳಲ್ಲಿ 25 ಮತ್ತು 50 ಅದಲುಬದಲಾಗಿವೆ. ಕೋಷ್ಟಕವನ್ನು ನೋಡಿದರೆ ಗುಟ್ಟು ಹೊಳೆಯುತ್ತದೆ: ಎರಡು ಬಿಟ್‌ಗಳ ಸ್ಥಾನ ಪಲ್ಲಟವಾದರೆ 00 ಮತ್ತು 11 ಇದ್ದ ಹಾಗೇ ಇರುತ್ತವೆ, 01 ಮತ್ತು 10 ಮಾತ್ರ ಜಾಗ ಬದಲಿಸುತ್ತವೆ.

ಸ್ವರ ತಪ್ಪುವುದಿಲ್ಲ, ತಾಳ ತಪ್ಪುವುದಿಲ್ಲ, ಆದರೆ ಹಾಡು ತನ್ನದಲ್ಲದ ಗಂಟಲಿನಲ್ಲಿ ಕೇಳಿಸುತ್ತದೆ. ಬಾಲ್ಯದಲ್ಲಿ ತದ್ರೂಪಿಯಲ್ಲೇ ಆಡಿ ಬೆಳೆದವರಿಗೆ ಅಸಲಿಯೇ ತಪ್ಪೆಂದು ಕೇಳಿಸಬಹುದು, ಆದ್ದರಿಂದ ಕಿವಿಯೊಂದನ್ನೇ ನಂಬುವುದು ಬೇಡ. ಶೇ 50ರ ತರಂಗದಲ್ಲಿ ಬೆಸ ಸಂಖ್ಯೆಯ, ಅಂದರೆ ಮೂಲ ಕಂಪನದ ಒಂದು, ಮೂರು, ಐದು ಪಟ್ಟಿನ ಹಾರ್ಮೋನಿಕ್‌ಗಳು ಮಾತ್ರ ಇರುತ್ತವೆ, ಶೇ 25ರದರಲ್ಲಿ ನಾಲ್ಕು, ಎಂಟು, ಹನ್ನೆರಡನೆಯವು ಮಾತ್ರ ಇರುವುದಿಲ್ಲ. ಚಾನೆಲ್ 440 ಹರ್ಟ್ಝ್‌ನ ಸ್ವರವನ್ನು ಶೇ 50ರಲ್ಲಿ ನುಡಿಸುತ್ತಿದ್ದರೆ 880 ಹರ್ಟ್ಝ್‌ನಲ್ಲಿ ಏನೂ ಇರಬಾರದು. ಹೆಡ್‌ಫೋನ್ ಕಿಂಡಿಯಿಂದ ಧ್ವನಿಮುದ್ರಿಸಿ ಯಾವುದಾದರೂ ಉಚಿತ ತಂತ್ರಾಂಶದಲ್ಲಿ ಸ್ಪೆಕ್ಟ್ರಮ್, ಅಂದರೆ ಯಾವ ಕಂಪನ ಎಷ್ಟಿದೆ ಎಂಬ ನಕ್ಷೆ, ತೆರೆದರೆ 880ರ ಬಳಿ ಶಿಖರವಿದೆಯೋ ಇಲ್ಲವೋ ಎಂದು ಕಣ್ಣಿಗೇ ಕಾಣುತ್ತದೆ. ಅಭಿಪ್ರಾಯಕ್ಕೆ ಜಾಗವೇ ಉಳಿಯುವುದಿಲ್ಲ.

ಗೇಮ್ ಬಾಯ್ ಜಾತಿಯ ಯಂತ್ರಗಳಿಗೆ ಪರೀಕ್ಷೆ ಆಟಕ್ಕಿಂತ ಮೊದಲೇ ಶುರುವಾಗುತ್ತದೆ. ಅಸಲಿ ಗೇಮ್ ಬಾಯ್ ಆನ್ ಮಾಡಿದಾಗ ಮೇಲಿನಿಂದ ಇಳಿದು ಬರುವ ನಿಂಟೆಂಡೋ ಹೆಸರು ಯಂತ್ರದಿಂದ ಬಂದದ್ದಲ್ಲ. ಕಾರ್ಟ್ರಿಡ್ಜ್‌ನಲ್ಲಿರುವ 48 ಬೈಟ್‌ಗಳನ್ನು ಓದಿ ಬಿಡಿಸಿದ್ದು. ಬಳಿಕ ಯಂತ್ರ ಅದನ್ನು ತನ್ನಲ್ಲಿರುವ ಪ್ರತಿಯೊಂದಿಗೆ ಹೋಲಿಸುತ್ತದೆ, ಹೊಂದದಿದ್ದರೆ ಅಲ್ಲಿಯೇ ನಿಂತುಬಿಡುತ್ತದೆ. ಅನಧಿಕೃತ ಆಟಗಳನ್ನು ತಡೆಯಲು ಹಾಕಿದ ಈ ಬೀಗ ರಿಪೇರಿಯವರಿಗೆ ವರದಾನವಾಗಿದೆ. ಕಾರ್ಟ್ರಿಡ್ಜ್ ಇಲ್ಲದಿದ್ದರೆ ಓದಿದ ಬಿಟ್‌ಗಳೆಲ್ಲ 1 ಆಗಿ ಹೆಸರಿನ ಜಾಗದಲ್ಲಿ ಕಪ್ಪು ಆಯತ ಬರುತ್ತದೆ. ಎಂಟು ದತ್ತಾಂಶ ತಂತಿಗಳಲ್ಲಿ ಒಂದರ ಸಂಪರ್ಕ ಕೆಟ್ಟಿದ್ದರೆ ಅಕ್ಷರಗಳ ಮೈಮೇಲೆ ಒಂದೇ ಅಂತರದಲ್ಲಿ ಚುಕ್ಕೆಗಳು ತಪ್ಪಿರುತ್ತವೆ. ವಿಳಾಸ ತಂತಿ ಕೆಟ್ಟಿದ್ದರೆ ಅಕ್ಷರಗಳು ಕಲಸುಮೇಲೋಗರ. ಮೊದಲು ಐಸೊಪ್ರೊಪಿಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಪಿನ್‌ಗಳನ್ನು ಒರೆಸಿ, ಆಮೇಲೆ ಯಂತ್ರವನ್ನು ದೂರಿ. ಬಾಯಿಯಿಂದ ಊದಬೇಡಿ, ಉಗುಳಿನ ತೇವ ಲೋಹವನ್ನು ತಿನ್ನುತ್ತದೆ. ನೇರವಾಗಿ ತನ್ನದೇ ಮೆನು ತೋರಿಸುವ ತದ್ರೂಪಿಗಳಲ್ಲಿ ಈ ಸುಳಿವು ಸಿಗುವುದಿಲ್ಲ. ನಕಲಿಸಿಕೊಂಡು ಓಡಿಸುವ ಯಂತ್ರ ಒಂದು ಬೈಟ್ ತಪ್ಪಾಗಿ ಓದಿಕೊಂಡರೆ ಆಟ ಮೂರನೆಯ ಹಂತದಲ್ಲೋ ಐದನೆಯದರಲ್ಲೋ ಕೈಕೊಡುತ್ತದೆ, ಕಾರಣ ಮಾತ್ರ ತಿಳಿಯುವುದಿಲ್ಲ.

ನಕಲಿಸುವ ಜಾತಿಯನ್ನು ಒಂದೇ ಏಟಿಗೆ ಹಿಡಿಯುವ ಕಾರ್ಟ್ರಿಡ್ಜ್ ಎಂದರೆ 1998ರ ಗೇಮ್ ಬಾಯ್ ಕ್ಯಾಮೆರಾ. ಅದರ ತಲೆಯ ಮೇಲಿನ ಗೋಲಿಯಲ್ಲಿ ನಿಜವಾದ ಕ್ಯಾಮೆರಾ ಸಂವೇದಕವಿದೆ. ಫೋಟೋದ ಗಾತ್ರ 128ಕ್ಕೆ 112 ಚುಕ್ಕೆ. ಪ್ರೋಗ್ರಾಮನ್ನು ನಕಲಿಸಬಹುದು, ಎದುರು ನಿಂತವರ ಮುಖವನ್ನು ನಕಲಿಸುವುದು ಹೇಗೆ? ಆಟ ನಡೆಯುತ್ತಿರುವಾಗಲೇ ಸಂವೇದಕದೊಡನೆ ಮಾತನಾಡುವ ಯಂತ್ರಕ್ಕೆ ಮಾತ್ರ ಚಿತ್ರ ಕಾಣುತ್ತದೆ. ಕಿರ್ಬಿ ಟಿಲ್ಟ್ ಎನ್ ಟಂಬಲ್ ಕಾರ್ಟ್ರಿಡ್ಜ್‌ನೊಳಗೆ ಓರೆಯನ್ನು ಅಳೆಯುವ ಸಂವೇದಕವಿದೆ, ಕೈಯಲ್ಲಿನ ಯಂತ್ರವನ್ನು ವಾಲಿಸಿ ಆಡಬೇಕು. ಕಾರ್ಟ್ರಿಡ್ಜನ್ನು ಕೆಳಗಿನಿಂದ ಸಿಕ್ಕಿಸುವ ನಿಂಟೆಂಡೋದ್ದೇ ಗೇಮ್ ಬಾಯ್ ಅಡ್ವಾನ್ಸ್ ಎಸ್‌ಪಿಯಲ್ಲಿ ಅದು ತಲೆಕೆಳಗಾಗಿ, ಎಡಕ್ಕೆ ವಾಲಿಸಿದರೆ ಕಿರ್ಬಿ ಬಲಕ್ಕೆ ಉರುಳುತ್ತಾನೆ. ತದ್ರೂಪಿಯ ಕಿಂಡಿ ಯಾವ ಬದಿಗಿದೆ ಎಂಬ ಸಣ್ಣ ವಿನ್ಯಾಸ ನಿರ್ಧಾರ ಹೀಗೆ ಆಟವನ್ನೇ ತಿರುವುಮುರುವು ಮಾಡುತ್ತದೆ.

ಬೆಲೆಬಾಳುವ ಕಾರ್ಟ್ರಿಡ್ಜನ್ನು ಹಾಕುವ ಮೊದಲು ಮಲ್ಟಿಮೀಟರ್ ಹಿಡಿಯುವುದು ಒಳ್ಳೆಯದು. ಗೇಮ್ ಬಾಯ್ ಕಾರ್ಟ್ರಿಡ್ಜ್‌ಗೆ 5 ವೋಲ್ಟ್ ಬೇಕು, ಗೇಮ್ ಬಾಯ್ ಅಡ್ವಾನ್ಸ್‌ನದಕ್ಕೆ 3.3. ಕಾರ್ಟ್ರಿಡ್ಜ್‌ನ ಆಕಾರವನ್ನು ಕಿಂಡಿಯೊಳಗಿನ ಸಣ್ಣ ಸ್ವಿಚ್‌ನಿಂದ ಗುರುತಿಸಿ ಅಸಲಿ ಯಂತ್ರ ಸರಿಯಾದುದನ್ನು ಕೊಡುತ್ತಿತ್ತು. ಎರಡೂ ಬಗೆಯನ್ನು ಆಡಿಸುತ್ತೇನೆ ಎನ್ನುವ ತದ್ರೂಪಿ ನಿಜಕ್ಕೂ ಹಾಗೆ ಮಾಡುತ್ತದೆಯೇ? ಒಳಗಿರುವ ಲಿಥಿಯಂ ಬ್ಯಾಟರಿ ತುಂಬಿದಾಗ 4.2 ವೋಲ್ಟ್, ಬಳಲಿದಾಗ 3ರ ಆಸುಪಾಸು. ಅದನ್ನು 5ಕ್ಕೆ ಏರಿಸುವ ಸರ್ಕಿಟ್ ಕಳಪೆಯಾಗಿದ್ದರೆ ತೊಂದರೆ ಶುರುವಾಗುವುದು ಬ್ಯಾಟರಿ ಇಳಿಯುವ ಹೊತ್ತಿಗೆ.

ಆಗ ಅಪಾಯಕ್ಕೆ ಸಿಲುಕುವುದು ಸೇವ್ ಮಾಡಿಟ್ಟ ಆಟ. ವೋಲ್ಟೇಜ್ ಕುಸಿಯುತ್ತಿರುವಾಗ ಪ್ರೊಸೆಸರ್ ಸಾಯುವ ಮುನ್ನ ಹುಚ್ಚುಹುಚ್ಚಾಗಿ ಬರೆಯುತ್ತದೆ, ಬಟನ್ ಸೆಲ್‌ನ ಆಸರೆಯಲ್ಲಿ ಬದುಕಿರುವ ಸೇವ್ ಮೆಮೊರಿಯ ಮೇಲೂ ಗೀಚಬಹುದು. ಎನ್ಇಎಸ್‌ನ ಲೆಜೆಂಡ್ ಆಫ್ ಜೆಲ್ಡಾ ಆಟಗಾರರಿಗೆ ರೀಸೆಟ್ ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ಪವರ್ ಆರಿಸಿ ಎಂದು ಸೂಚಿಸಿದ್ದು ಇದಕ್ಕೇ. ಗೇಮ್ ಬಾಯ್ ಕಾರ್ಟ್ರಿಡ್ಜ್‌ಗಳಲ್ಲಿ ವೋಲ್ಟೇಜ್ ಇಳಿದ ಕೂಡಲೇ ಆ ಮೆಮೊರಿಯ ಬಾಗಿಲು ಹಾಕುವ ಕಾವಲು ಚಿಪ್ಪೇ ಇತ್ತು. ಪರೀಕ್ಷಿಸುವ ವಿಧಾನ ಸರಳ: ಕಳೆದರೂ ಬೇಸರವಿಲ್ಲದ ಒಂದು ಸೇವ್ ಇರುವ ಕಾರ್ಟ್ರಿಡ್ಜ್ ಹಾಕಿ, ಬ್ಯಾಟರಿ ತಾನಾಗಿ ಸಾಯುವವರೆಗೆ ಆಡಿ, ಚಾರ್ಜ್ ಮಾಡಿ ಮತ್ತೆ ನೋಡಿ. ವರ್ಷಗಟ್ಟಲೆ ಕಾಪಾಡಿದ ಪೋಕೆಮಾನ್‌ಗಳನ್ನು ಇದಕ್ಕೆ ಬಲಿ ಕೊಡಬೇಡಿ.

ಪರದೆಯ ವಿಷಯದಲ್ಲಿ ಲೆಕ್ಕವೇ ಎಲ್ಲ ಹೇಳುತ್ತದೆ. ಗೇಮ್ ಬಾಯ್ ಚಿತ್ರ 160ಕ್ಕೆ 144 ಚುಕ್ಕೆ. ಅನಲಾಗ್ ಪಾಕೆಟ್‌ನ ಪರದೆ 1600ಕ್ಕೆ 1440, ಸರಿಯಾಗಿ ಹತ್ತು ಪಟ್ಟು. ಎನ್ಇಎಸ್‌ನ 256 ಚುಕ್ಕೆಯ ಅಗಲವನ್ನು 320 ಚುಕ್ಕೆಯ ಅಗ್ಗದ ಪರದೆಗೆ ಹಾಗೇ ಎಳೆದರೆ ಪ್ರತಿ ನಾಲ್ಕರಲ್ಲಿ ಒಂದು ಚುಕ್ಕೆ ಜೋಡಿಯಾಗಬೇಕು. ಪಾತ್ರ ನಡೆಯುವಾಗ ಅದರ ಮುಖ ಹಿಗ್ಗಿ ಕುಗ್ಗುತ್ತದೆ. ವೇಗದ ಲೆಕ್ಕ ಇನ್ನೂ ಸೂಕ್ಷ್ಮ. ಗೇಮ್ ಬಾಯ್ ಸೆಕೆಂಡಿಗೆ 60 ಚಿತ್ರ ಬಿಡಿಸುವುದಿಲ್ಲ, 59.73 ಬಿಡಿಸುತ್ತದೆ. ಸರಿಯಾಗಿ 60ರಲ್ಲಿ ಓಡುವ ಪರದೆ ಸುಮಾರು 3.7 ಸೆಕೆಂಡಿಗೊಮ್ಮೆ ಒಂದು ಚಿತ್ರವನ್ನು ಎರಡು ಸಲ ತೋರಿಸಿ ಸರಿದೂಗಿಸಬೇಕು, ಇಲ್ಲವೇ ಇಡೀ ಆಟವನ್ನೇ ಶೇ 0.5ಕ್ಕಿಂತ ಚೂರು ಕಡಿಮೆ ವೇಗವರ್ಧನೆಯಲ್ಲಿ ಓಡಿಸಬೇಕು. ಎರಡನೆಯದು ಯಾರ ಗಮನಕ್ಕೂ ಬರುವುದಿಲ್ಲ. ಮೊದಲನೆಯದು ಸರಾಗವಾಗಿ ಸರಿಯುವ ಹಿನ್ನೆಲೆಯಲ್ಲಿ ಆಗಾಗ ಬರುವ ಬಿಕ್ಕಳಿಕೆಯಾಗಿ ಕಾಣುತ್ತದೆ, ಒಮ್ಮೆ ಕಂಡ ಮೇಲೆ ಬೇರೇನೂ ಕಾಣುವುದಿಲ್ಲ.

ಗುಂಡಿ ಒತ್ತಿದ್ದಕ್ಕೂ ಪಾತ್ರ ಹಾರಿದ್ದಕ್ಕೂ ನಡುವಿನ ವಿಳಂಬವನ್ನು ಅಳೆಯಲು ಸೆಕೆಂಡಿಗೆ 240 ಚಿತ್ರ ತೆಗೆಯುವ ಫೋನ್ ಸಾಕು. ಹೆಬ್ಬೆರಳು, ಪರದೆ ಎರಡೂ ಕಾಣುವಂತೆ ಚಿತ್ರೀಕರಿಸಿ ಎಣಿಸಿ. ಫೋನಿನ ನಾಲ್ಕು ಚಿತ್ರಕ್ಕೆ ಆಟದ ಒಂದು ಚಿತ್ರ. ಅಸಲಿಯಲ್ಲೂ ಇದೇ ಆಟವನ್ನು ಅಳೆದು ಹೋಲಿಸಬೇಕು, ಯಾಕೆಂದರೆ ಕೆಲವು ಆಟಗಳು ಹುಟ್ಟಿನಿಂದಲೇ ನಿಧಾನ.

ಎಫ್‌ಪಿಜಿಎ ಎಂಬ ಹೆಸರು ಕೇಳಿದ ಕೂಡಲೇ ಇಷ್ಟೆಲ್ಲ ಬೇಕಿಲ್ಲ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆ ಚಿಪ್‌ನಲ್ಲಿರುವುದು ಒಬ್ಬ ಎಂಜಿನಿಯರ್ ಹಳೆಯ ಯಂತ್ರವನ್ನು ಅರ್ಥಮಾಡಿಕೊಂಡು ಬರೆದ ವರ್ಣನೆ; ಆತನಿಗೆ ತಿಳಿಯದ್ದು ಚಿಪ್‌ಗೂ ತಿಳಿಯದು. ಇದನ್ನು ಬಯಲಿಗೆಳೆಯಲೆಂದೇ ಉತ್ಸಾಹಿಗಳು ಸಣ್ಣ ಪ್ರೋಗ್ರಾಮುಗಳನ್ನು ಬರೆದಿಟ್ಟಿದ್ದಾರೆ. ಡಿಎಂಜಿ-ಆಸಿಡ್2 ಎಂಬುದು ಗೇಮ್ ಬಾಯ್‌ನ ಚಿತ್ರ ನಿಯಮಗಳನ್ನೆಲ್ಲ ಬಳಸಿ ಒಂದು ನಗುಮುಖ ಬಿಡಿಸುತ್ತದೆ. ಮುಖದ ಯಾವ ಭಾಗ ಕೆಟ್ಟಿದೆ ಎಂಬುದರ ಮೇಲೆ ಯಾವ ನಿಯಮ ತಪ್ಪಿದೆ ಎಂದು ಹೇಳಬಹುದು. ಇವನ್ನು ಬರೆದುಕೊಳ್ಳಬಹುದಾದ ಫ್ಲ್ಯಾಶ್ ಕಾರ್ಟ್ರಿಡ್ಜ್‌ಗೆ ತುಂಬಿ ಓಡಿಸಬೇಕು. ನಕಲಿಸುವ ಜಾತಿಯ ಯಂತ್ರಗಳು ಅಂಥ ಕಾರ್ಟ್ರಿಡ್ಜನ್ನು ಗುರುತಿಸದೆ ಮುಖ ತಿರುಗಿಸುವುದುಂಟು; ಅದೂ ಒಂದು ಫಲಿತಾಂಶವೇ.

ಪರೀಕ್ಷೆಗೆ ಕೂರುವ ಮುನ್ನ ಮೆನುವಿನಲ್ಲಿ ಮಿಣುಕು ನಿವಾರಣೆಯಂಥ ಸುಧಾರಣೆಗಳಿದ್ದರೆ ಆರಿಸಿಬಿಡಿ. ಎನ್ಇಎಸ್ ಒಂದು ಗೆರೆಯಲ್ಲಿ ಎಂಟಕ್ಕಿಂತ ಹೆಚ್ಚು ಪಾತ್ರದ ತುಣುಕುಗಳನ್ನು, ಅಂದರೆ ಸ್ಪ್ರೈಟ್‌ಗಳನ್ನು ತೋರಿಸಲಾರದು, ಗುಂಪು ಹೆಚ್ಚಾದಾಗ ಪಾತ್ರಗಳು ಮಿಣುಕುವುದು ಅದರಿಂದ. ಮಿತಿ ತೆಗೆದುಹಾಕಿದರೆ ಚಿತ್ರ ಅಂದವಾಗುತ್ತದೆ, ನಿಜ. ಆದರೆ ಕ್ಯಾಸಲ್ವೇನಿಯಾ 2ರ ಕರ್ತೃಗಳು ಆ ಮಿತಿಯನ್ನೇ ಉಪಕರಣ ಮಾಡಿಕೊಂಡಿದ್ದರು. ನಾಯಕ ಜೌಗಿನಲ್ಲಿ ಇಳಿದಾಗ ಅದೇ ಗೆರೆಗಳಲ್ಲಿ ಕಣ್ಣಿಗೆ ಕಾಣದ ಸ್ಪ್ರೈಟ್‌ಗಳನ್ನು ತುಂಬಿ ಅವನ ಕಾಲುಗಳಿಗೆ ಸರದಿಯೇ ಬರದಂತೆ ಮಾಡಿದ್ದರು. ಸುಧಾರಿತ ಯಂತ್ರದಲ್ಲಿ ಅವನು ಮೊಣಕಾಲು, ಪಾದ ಎಲ್ಲ ತೋರಿಸಿಕೊಂಡು ಕೆಸರಿನ ಮೇಲೆಯೇ ನಡೆದುಹೋಗುತ್ತಾನೆ.